ಥೀಸಿಸ್ ಹಂದರ: ಶೀರ್ಷಿಕೆಗಳನ್ನು ಅಳಿಸಿ ವಾಕ್ಯ ಬರೆದೆ

ಸದ್ಯದ ಸ್ಥಿತಿ: ಸಾಹಿತ್ಯ ಸಮೀಕ್ಷೆ ಮತ್ತು ವಿಧಾನದ ಅಧ್ಯಾಯಗಳ ಹಂದರ ಗಟ್ಟಿಯಾಗಿದೆ. ಫಲಿತಾಂಶಕ್ಕೆ ಖಾಲಿ ಕೋಷ್ಟಕಗಳಿವೆ. ಪೀಠಿಕೆಗೆ ಮೂರೇ ವಾಕ್ಯ. ಚರ್ಚೆಯ ಅಧ್ಯಾಯ ಇನ್ನೂ ಅಲುಗಾಡುತ್ತಿದೆ. ಪ್ಯಾರಾ ರೂಪದಲ್ಲಿ ಒಂದು ಪುಟವೂ ಬರೆದಿಲ್ಲ. ಹಂದರ ನಿಲ್ಲುವ ತನಕ ಬರೆಯುವುದೂ ಇಲ್ಲ.

ನನ್ನ ವಿಷಯ ಇದು: ಓದಿದ್ದನ್ನೇ ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ತನ್ನನ್ನು ತಾನೇ ಪರೀಕ್ಷಿಸಿಕೊಂಡರೆ ಹೆಚ್ಚು ಕಾಲ ನೆನಪಿರುತ್ತದೆಯೇ? ಮನೋವಿಜ್ಞಾನದವರು ‘ಟೆಸ್ಟಿಂಗ್ ಎಫೆಕ್ಟ್’ ಎನ್ನುವುದು ಇದನ್ನೇ.

ಸಮೀಕ್ಷೆಯ ಅಧ್ಯಾಯವೇ ಹೆಚ್ಚು ಸಮಯ ತಿಂದದ್ದು. ನೆನಪಿನ ಮೇಲೆ ಪ್ರಯೋಗ ಮಾಡಿದವರನ್ನು ಇಸವಿ ಪ್ರಕಾರ ಜೋಡಿಸಿದರೆ ಕೆಲಸ ಸಲೀಸು: 1885ರಲ್ಲಿ ಹರ್ಮನ್ ಎಬ್ಬಿಂಗ್‌ಹೌಸ್, 1917ರಲ್ಲಿ ಆರ್ಥರ್ ಗೇಟ್ಸ್, 1939ರಲ್ಲಿ ಹರ್ಬರ್ಟ್ ಸ್ಪಿಟ್ಜರ್, 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್. ಆದರೆ ಹೀಗೆ ಜೋಡಿಸಿದ ಅಧ್ಯಾಯದಲ್ಲಿ ಪ್ರತಿ ಪ್ಯಾರಾವೂ ‘ಆಮೇಲೆ ಇವರು ಬಂದರು’ ಎಂದೇ ಶುರುವಾಗುತ್ತದೆ. ವಾದ ಎಲ್ಲೂ ಮುಂದೆ ಸಾಗುವುದಿಲ್ಲ. ಅದಕ್ಕೇ ಹೆಸರುಗಳನ್ನು ಬದಿಗಿಟ್ಟು ಪ್ರಶ್ನೆಗಳ ಕೆಳಗೆ ಹಂಚಿದೆ. ಕಲಿಯಲು ಕೊಟ್ಟದ್ದೇನು? ಎಷ್ಟು ಹೊತ್ತಿನ ಮೇಲೆ ಅಳೆದರು? ಉತ್ತರ ತಪ್ಪಾದಾಗ ಸರಿಯಾದದ್ದನ್ನು ತಿಳಿಸಿದರೇ?

ಹಂಚಿದ ಕೂಡಲೇ ಚಿತ್ರ ಬದಲಾಯಿತು. ಎಬ್ಬಿಂಗ್‌ಹೌಸ್ ಬಳಸಿದ್ದು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು, ಅದೂ ತನ್ನೊಬ್ಬನ ಮೇಲೆ. ಗೇಟ್ಸ್ ಅಂಥ ಗುಚ್ಛಗಳ ಜೊತೆಗೆ ಕಿರು ಜೀವನಚರಿತ್ರೆಗಳನ್ನೂ ಮಕ್ಕಳಿಗೆ ಕೊಟ್ಟಿದ್ದರು. ಹಾಗಾಗಿ ಇಬ್ಬರೂ ಮೊದಲ ಪ್ರಶ್ನೆಯ ಕೆಳಗೆ ಎದುರುಬದುರು ಕೂತರು. 2006ರ ಅಧ್ಯಯನ ಎರಡನೆಯ ಪ್ರಶ್ನೆಗೆ ಹೋಯಿತು. ಅದರಲ್ಲಿ ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಎರಡು ದಿನ ಅಥವಾ ಒಂದು ವಾರ ಬಿಟ್ಟು ಕೇಳಿದಾಗ ಪರೀಕ್ಷೆ ಬರೆದವರು ಮುಂದೆ. ಇಸವಿಯ ಪಟ್ಟಿಯಲ್ಲಿ ಕೊನೆಯ ಸಾಲಾಗಿದ್ದ ಈ ತಿರುವು ಈಗ ಇಡೀ ಥೀಸಿಸ್‌ನ ಕೀಲು.

ಎರಡನೆಯ ಬದಲಾವಣೆ ಶೀರ್ಷಿಕೆಗಳದ್ದು. ‘ಮರೆವು ಮತ್ತು ಕಾಲ’ ಎಂದು ಬರೆದಿಟ್ಟರೆ ಯಾರೂ ತಕರಾರು ತೆಗೆಯಲಾರರು, ಅದರಲ್ಲಿ ಹೇಳಿಕೆಯೇ ಇಲ್ಲವಲ್ಲ. ‘ಪರೀಕ್ಷೆಯ ಲಾಭ ಕಾಣಬೇಕಾದರೆ ಕಲಿಕೆಗೂ ಅಳತೆಗೂ ನಡುವೆ ಅಂತರ ಬೇಕು’ ಎಂದು ಬರೆದರೆ ಆಧಾರ ಎಲ್ಲಿ ಎಂದು ಕೇಳಬಹುದು. ಈಗ ಹಂದರದ ಪ್ರತಿ ಸಾಲೂ ಹೀಗೆ ಕ್ರಿಯಾಪದವಿರುವ ಪೂರ್ತಿ ವಾಕ್ಯ. ಅದರ ಕೆಳಗೆ ಎರಡು ಉಪಸಾಲು: ಒಂದು ಆಧಾರ, ಇನ್ನೊಂದು ಆ ಆಧಾರದಿಂದ ಈ ಮಾತು ಹೇಗೆ ಹೊರಡುತ್ತದೆ ಎಂಬ ವಿವರಣೆ. ತತ್ತ್ವಶಾಸ್ತ್ರಜ್ಞ ಸ್ಟೀಫನ್ ಟೂಲ್ಮಿನ್ 1958ರಲ್ಲಿ ಮುಂದಿಟ್ಟ ವಾದದ ಮಾದರಿಯಿಂದ ತೆಗೆದುಕೊಂಡದ್ದು ಹೇಳಿಕೆ, ಆಧಾರ, ವಿವರಣೆ, ಈ ಮೂರೇ. ಅವರ ಉಳಿದ ಮೂರು ಅಂಗಗಳನ್ನೂ ಪ್ರತಿ ಸಾಲಿಗೆ ತುಂಬಿಸಲು ಹೋದರೆ ಹಂದರವೇ ಇನ್ನೊಂದು ಥೀಸಿಸ್ ಆದೀತು.

ವಿಧಾನದ ಅಧ್ಯಾಯದ ಬಗ್ಗೆ ಹೇಳುವಂಥದ್ದೇನಿಲ್ಲ. ಭಾಗವಹಿಸುವವರು, ಸಾಮಗ್ರಿ, ಕ್ರಮ, ವಿಶ್ಲೇಷಣೆ, ಈ ದಾರಿ ಸವೆದದ್ದೇ.

ಫಲಿತಾಂಶಕ್ಕೆ ದತ್ತಾಂಶ ಇನ್ನೂ ಬಂದಿಲ್ಲ. ಆದರೂ ಕೋಷ್ಟಕಗಳನ್ನು ಗೆರೆ ಎಳೆದು, ಕಂಬಸಾಲುಗಳಿಗೆ ಹೆಸರಿಟ್ಟು, ಮನೆಗಳನ್ನು ಖಾಲಿ ಬಿಟ್ಟಿದ್ದೇನೆ. ಇದರಿಂದಾದ ಲಾಭ ದೊಡ್ಡದು: ‘ವಿಷಯದ ಪೂರ್ವಜ್ಞಾನ’ ಎಂಬ ಕಂಬಸಾಲು ಬೇಕೆಂದು ಕಂಡಿತು, ಅದಕ್ಕೆ ತಕ್ಕ ಪ್ರಶ್ನೆಗಳು ಪ್ರಶ್ನಾವಳಿಗೆ ಈಗಲೇ ಸೇರಿದವು. ಸಂಗ್ರಹ ಮುಗಿದ ಮೇಲೆ ಹೊಳೆದಿದ್ದರೆ ಮಾಡುವಂತಿರಲಿಲ್ಲ.

ಪೀಠಿಕೆಯ ಮೂರು ವಾಕ್ಯಗಳು ಭಾಷಾಶಾಸ್ತ್ರಜ್ಞ ಜಾನ್ ಸ್ವೇಲ್ಸ್ 1990ರಲ್ಲಿ ವಿವರಿಸಿದ ಮೂರು ನಡೆಗಳ ಪ್ರಕಾರ ಇವೆ: ಕ್ಷೇತ್ರ ಯಾವುದು, ಅದರಲ್ಲಿ ತೆರಪು ಎಲ್ಲಿ, ಆ ತೆರಪಿನಲ್ಲಿ ನಾನು ಮಾಡುವುದೇನು. ನಡುವಿನದೇ ಕಷ್ಟ. ‘ಇದುವರೆಗೆ ಯಾರೂ ಮಾಡಿಲ್ಲ’ ಎಂದರೆ ಸಾಲದು. ಯಾರಿಗೂ ಬೇಡವಾಗಿದ್ದಕ್ಕೇ ಮಾಡದಿರಲೂಬಹುದು. ಈ ಕೆಲಸ ಆಗದೆ ಯಾವ ನಿರ್ಧಾರ ನಿಂತಿದೆ ಎಂಬುದನ್ನು ಹೇಳಬೇಕು. ಈ ವಾಕ್ಯವನ್ನು ಇನ್ನೂ ತಿದ್ದುತ್ತಿದ್ದೇನೆ.

ಸಲಕರಣೆ: ಕ್ರಮ ಹುಡುಕುವಾಗ ಕಾಗದದ ಚೀಟಿ, ಕ್ರಮ ನಿಂತ ಮೇಲೆ ವರ್ಡ್. ಹೆಡಿಂಗ್ ಸ್ಟೈಲ್ ಕೊಟ್ಟರೆ ನ್ಯಾವಿಗೇಶನ್ ಪೇನ್‌ನಲ್ಲಿ ಒಂದು ವಾಕ್ಯವನ್ನು ಎಳೆದಾಗ ಅದರ ಕೆಳಗಿನದ್ದೆಲ್ಲ ಜೊತೆಗೇ ಬರುತ್ತದೆ. ಉಲ್ಲೇಖಗಳು ಅವನ್ನು ಕೂಡಿಡುವ ಝೊಟೆರೊ ಎಂಬ ತಂತ್ರಾಂಶದಲ್ಲಿವೆ.

ಇನ್ನು ಚರ್ಚೆಯ ಅಧ್ಯಾಯ. ಅಲ್ಲೊಂದು ವಾಕ್ಯವಿದೆ: ‘ಆದ್ದರಿಂದ ವಿದ್ಯಾರ್ಥಿಗಳು ತಾವಾಗಿಯೇ ಪರೀಕ್ಷಿಸಿಕೊಳ್ಳುತ್ತ ಓದಬೇಕು.’ ಆಧಾರದ ಸಾಲು ತುಂಬಿದೆ, ವಿವರಣೆಯ ಸಾಲು ಖಾಲಿ. ನಾನು ಪಟ್ಟಿ ಮಾಡಿದ ಪ್ರಯೋಗಗಳಲ್ಲಿ ಪರೀಕ್ಷೆ ಯಾವಾಗ, ಎಷ್ಟು ಸಲ ಎಂದು ನಿರ್ಧರಿಸಿದವರು ಸಂಶೋಧಕರು. ಒಬ್ಬಳೇ ಕೂತು ಓದುವ ಹುಡುಗಿಗೆ ಎಲ್ಲಿ ನಿಲ್ಲಿಸಬೇಕೆಂದು ಹೇಳುವವರಿಲ್ಲ. ಒಂದು ಸಲ ಸರಿ ಉತ್ತರ ಬಂದ ಕೂಡಲೇ ಅವಳು ಪುಟ ತಿರುಗಿಸಿದರೆ? ಗೈಡ್ ಕೂಡ ಇದೇ ಸಾಲಿನ ಮೇಲೆ ಬೆರಳಿಟ್ಟು ‘ಇದಕ್ಕೇನು ಹೇಳ್ತೀರಿ?’ ಎಂದರು.

ಕಲಿಯುವವರೇ ಆಯ್ಕೆ ಮಾಡಿಕೊಂಡ ಪ್ರಯೋಗಗಳನ್ನು ಈ ವಾರ ಹುಡುಕಬೇಕು. ಸಿಕ್ಕಿದ್ದು ಆ ಮಾತನ್ನು ಹೊರುವಷ್ಟಿಲ್ಲದಿದ್ದರೆ ವಾಕ್ಯವನ್ನು ಅಲ್ಲಿಂದ ಕಿತ್ತು ‘ಮಿತಿಗಳು’ ಭಾಗಕ್ಕೆ ಸರಿಸುತ್ತೇನೆ. ಆಗ ಅದರ ಮೇಲೆ ನಿಂತಿರುವ ಶಿಫಾರಸುಗಳ ಉಪವಿಭಾಗವೂ ಹೋಗುತ್ತದೆ.