ಹಾಳೆ ಸಾಲದ ಏಣಿ

ಮಕ್ಕಳ ಕೈಗೆ ಬಿಳಿ ಹಾಳೆ ಕೊಟ್ಟು ‘ಏನಾದರೂ ಬಿಡಿಸಿ’ ಎಂದರೆ ಕೊಡಗಿನಲ್ಲೂ ಬರುವುದು ಅದೇ ಚಿತ್ರ: ಎರಡು ತ್ರಿಕೋನ ಬೆಟ್ಟ, ನಡುವೆ ಇಣುಕುವ ಸೂರ್ಯ, ಪಕ್ಕದಲ್ಲಿ ಗುಡಿಸಲು, ತೆಂಗಿನ ಮರ. ಕಿಟಕಿಯಾಚೆ ನೋಡಿದರೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದು ಬೆಳ್ಳಗಾದ ಕಾಫಿ ಗಿಡ. ಹಾಳೆಯಲ್ಲಿ ಮಾತ್ರ ತೆಂಗು!

ಸಿದ್ದಾಪುರದ ಬಳಿಯ ಶಾಲೆಯೊಂದಕ್ಕೆ ಮಾರ್ಚ್ ತಿಂಗಳ ಶನಿವಾರಗಳಂದು ಚಿತ್ರ ಕಲಿಸಲು ಹೋಗುತ್ತಿದ್ದೆ. ನಾಲ್ಕನೇ ಕ್ಲಾಸಿನ ಹುಡುಗನೊಬ್ಬ, ತೋಟದ ಕಾರ್ಮಿಕರ ಸಾಲುಮನೆ, ಅಂದರೆ ಲೈನ್ ಮನೆಯವನು, ಹಾಳೆಯನ್ನು ನನ್ನತ್ತ ತಳ್ಳಿ, “ನಂಗೆ ಬರಲ್ಲ ಮಿಸ್, ನೀವೇ ಬಿಡಿಸಿಕೊಡಿ” ಎಂದ. ಒಂಬತ್ತರ ಆಸುಪಾಸಿನಲ್ಲಿ ಈ ಮಾತು ಬಂದೇ ಬರುತ್ತದೆ. ಕಲಾಶಿಕ್ಷಣ ತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲೇ ಇದನ್ನು ಗುರುತಿಸಿದ್ದರು: ಆ ವಯಸ್ಸಿನಲ್ಲಿ ಚಿತ್ರ ನಿಜದ ಹಾಗೆಯೇ ಇರಬೇಕು ಎನಿಸತೊಡಗುತ್ತದೆ. ತಾನು ಬಿಡಿಸಿದ್ದು ಹಾಗಿಲ್ಲವಲ್ಲ ಎಂದು ಮಗುವಿಗೆ ನಾಚಿಕೆ. ಆಗ ದೊಡ್ಡವರು ಪೆನ್ಸಿಲ್ ಇಸಿದುಕೊಂಡು ತಾವೇ ಬಿಡಿಸಿಬಿಟ್ಟರೆ ಆ ನಾಚಿಕೆ ಗಟ್ಟಿಯಾಗುತ್ತದೆ. ‘ಸೂಪರ್’ ಎಂದು ಬೆನ್ನು ತಟ್ಟಿದರೂ ನಡೆಯುವುದಿಲ್ಲ. ಬಾಯಿಮಾತಿನ ಹೊಗಳಿಕೆ ಮಕ್ಕಳಿಗೆ ಬೇಗ ಗೊತ್ತಾಗುತ್ತದೆ.

“ಅಪ್ಪ ಈಗ ಏನು ಕೆಲಸ ಮಾಡ್ತಿದ್ದಾರೆ?” ಎಂದೆ.

“ಮೆಣಸು ಕುಯ್ಯೋದು.”

“ಹೆಂಗೆ?”

ಹುಡುಗ ಎದ್ದೇ ನಿಂತ. ಎಡಗೈಯಲ್ಲಿ ಇಲ್ಲದ ಏಣಿ ಹಿಡಿದು, ಬಲಗೈ ಚಾಚಿ ಗೊಂಚಲು ಕಿತ್ತು, ಸೊಂಟದ ಚೀಲಕ್ಕೆ ಹಾಕಿ ತೋರಿಸಿದ. “ಅದನ್ನೇ ಬಿಡಿಸು” ಎಂದು ನಾನು ಬೇರೆ ಬೆಂಚಿನ ಕಡೆ ಹೋದೆ. ತಲೆಯ ಮೇಲೆ ನಿಂತು ನೋಡುತ್ತಿದ್ದರೆ ಯಾರ ಕೈಯೂ ಓಡುವುದಿಲ್ಲ.

ಸ್ವಲ್ಪ ಹೊತ್ತಿಗೆ, “ಹಾಳೆ ಸಾಲಲ್ಲ ಮಿಸ್” ಎಂದು ಕೂಗಿದ. ಏಣಿ ತುದಿ ಮುಟ್ಟಿತ್ತು, ಅಪ್ಪ ಇನ್ನೂ ಹತ್ತಿರಲಿಲ್ಲ. ಇನ್ನೊಂದು ಹಾಳೆ ಅಂಟಿಸಿದೆವು, ಮತ್ತೊಂದು. ಮೂರನೆಯದರಲ್ಲಿ ಅಪ್ಪ ಬಂದರು: ಪುಟ್ಟ ತಲೆ, ಮೊರದಗಲ ಬಲಗೈ. ಈ ವಯಸ್ಸಿನವರ ಚಿತ್ರಗಳಲ್ಲಿ ಮುಖ್ಯವಾದದ್ದೇ ದೊಡ್ಡದು. ಪಕ್ಕದ ಹುಡುಗಿ ಅದನ್ನು ನೋಡಿ, ತನ್ನ ತೆಂಗಿನ ಮರ ಉಜ್ಜಿ ಅಳಿಸಿ, ಸೋಲಾರ್ ಬೇಲಿ ಮುರಿದು ನುಗ್ಗಿದ ಆನೆ ಬಿಡಿಸಿದಳು. ಅದರ ಕಾಲು ಎಷ್ಟೆಂದು ನಾನು ಎಣಿಸಲು ಹೋಗಲಿಲ್ಲ.

ಕೊನೆಯ ಶನಿವಾರ ಚಿತ್ರಗಳನ್ನೆಲ್ಲ ಗೋಡೆಗೆ ಹಚ್ಚಿ ಮನೆಯವರನ್ನು ಕರೆದೆವು. ಹುಡುಗನ ಅಪ್ಪ ಕೆಲಸ ಮುಗಿಸಿ ಬಂದರು. ಬಹಳ ಹೊತ್ತು ನೋಡಿ, “ಹಗ್ಗ ಎಲ್ಲೋ? ಏಣೀನ ಮರಕ್ಕೆ ಕಟ್ಟದೆ ಹತ್ತಿದ್ರೆ ಬಿದ್ದುಹೋಗ್ತೀನಲ್ಲ” ಎಂದರು. ಹುಡುಗ ಎಲ್ಲಿ ಸಪ್ಪಗಾಗುತ್ತಾನೋ ಎಂದು ನಾನು ಬಾಯಿ ಹಾಕುವಷ್ಟರಲ್ಲಿ ಅವನು ಕಂದು ಕ್ರೆಯಾನ್ ಹುಡುಕಿ ತಂದು, ಸ್ಟೂಲ್ ಹತ್ತಿ, ಮರಕ್ಕೂ ಏಣಿಗೂ ಸೇರಿಸಿ ಸುತ್ತು ಹಾಕತೊಡಗಿದ್ದ. “ಇಲ್ಲೂ ಒಂದು ಹಾಕು” ಎಂದು ಅಪ್ಪ ಬೆರಳಿಟ್ಟು ತೋರಿಸುತ್ತಿದ್ದರು. ‘ಚಿತ್ರಗಳನ್ನು ಮುಟ್ಟಬೇಡಿ’ ಎಂದು ಬೋರ್ಡು ಬರೆದು ಹಾಕಿದ್ದವಳು ನಾನೇ.