ಹತ್ತೋ ಹನ್ನೊಂದೋ: ಹಳೇ ಲ್ಯಾಪ್‌ಟಾಪ್‌ನ ವಿಂಡೋಸ್ ಪತ್ತೆ

ಕೊನೆಗೂ ಇತ್ಯರ್ಥವಾಯಿತು. ನಾನು ಕೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ನಲ್ಲಿ ಇರುವುದು ವಿಂಡೋಸ್ 11. ಇಷ್ಟು ಹೇಳೋಕೆ ಅಷ್ಟೊಂದು ಒದ್ದಾಟ ಯಾಕೆ ಅಂತೀರಾ? ಮುಂದೆ ಓದಿ.

ಎಸ್‌ಎಸ್‌ಡಿ ಹಾಕಿದ್ದು, ಥರ್ಮಲ್ ಪೇಸ್ಟ್ ಬದಲಿಸಿದ್ದು, ಸಡಿಲಾಗಿದ್ದ ಹಿಂಜ್ ಬಿಗಿ ಮಾಡಿದ್ದು ಇದೆಲ್ಲ ಬರೆಯುವುದಿಲ್ಲ. ನೀವೂ ಮಾಡಿರುತ್ತೀರಿ. ರ‍್ಯಾಮ್ ಬಗ್ಗೆ ಮಾತ್ರ ಸ್ವಲ್ಪ ಗೊಣಗಬೇಕು. ಇದು ನಾಲ್ಕನೇ ತಲೆಮಾರಿನ ಕೋರ್ ಐ5. ಅಂದರೆ 1.35 ವೋಲ್ಟಿನ ಡಿಡಿಆರ್3ಎಲ್ ರ‍್ಯಾಮ್ ಬೇಕು, ಲೇಬಲ್‌ನಲ್ಲಿ ಅದನ್ನು 'ಪಿಸಿ3ಎಲ್' ಅಂತ ಬರೆದಿರುತ್ತಾರೆ. ಆರ್ಡರ್ ಮಾಡಿದ್ದೂ ಅದನ್ನೇ. ಬಂದ ರ‍್ಯಾಮ್ ಮೇಲೆ ಸಪ್ಲೈಯರ್ ತನ್ನದೊಂದು ಬಿಳಿ ಸ್ಟಿಕ್ಕರ್ ಅಂಟಿಸಿ, ಪೆನ್ನಿನಲ್ಲಿ ದಪ್ಪಗೆ 'ಪಿಸಿ3ಎಲ್' ಅಂತ ಬರೆದಿದ್ದ. ಹಾಕಿ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ಅನುಮಾನ ಬಂದು ಉಗುರಿನಿಂದ ಸ್ಟಿಕ್ಕರ್‌ನ ಮೂಲೆ ಎಬ್ಬಿಸಿದೆ. ಅಂಟಿನ ಜೊತೆ ಅರ್ಧ ಕಿತ್ತುಬಂದ ಅಸಲಿ ಲೇಬಲ್‌ನಲ್ಲಿ 'ಪಿಸಿ3-12800ಎಸ್' ಅಂತ ಇತ್ತು. 'ಎಲ್' ನಾಪತ್ತೆ. ಅಂದರೆ 1.5 ವೋಲ್ಟಿನ ಮಾಲು. ವಾಪಸ್ ಕಳಿಸಿದ್ದೇನೆ. 'ಪರಿಶೀಲಿಸುತ್ತೇವೆ' ಅಂದಿದ್ದಾರೆ. ಏನು ಪರಿಶೀಲಿಸುತ್ತಾರೋ, ಅವರದೇ ಕೈಬರಹ! ಸದ್ಯಕ್ಕೆ ಮೊದಲಿದ್ದ 4 ಜಿಬಿಯಲ್ಲೇ ನಡೆಯುತ್ತಿದೆ.

ಈಗ ಅಸಲಿ ತಲೆನೋವಿಗೆ ಬರೋಣ.

ಮಾರಿದವನು ಹೇಳಿದ್ದು 'ವಿಂಡೋಸ್ 11, ಹೊಸದಾಗಿ ಇನ್‌ಸ್ಟಾಲ್ ಮಾಡಿದ್ದು'. ಅಡಿಯಲ್ಲಿ ಅಂಟಿರುವ ಸ್ಟಿಕ್ಕರ್ ವಿಂಡೋಸ್ 7 ಪ್ರೊಫೆಷನಲ್‌ದು, ಕೀ ಅಳಿಸಿಹೋಗಿದೆ. ವಿಂಡೋಸ್ 11ರ ಅಧಿಕೃತ ಪ್ರೊಸೆಸರ್ ಪಟ್ಟಿಯಲ್ಲಿ ಇಂಟೆಲ್ ಕಡೆಯಿಂದ ಹೆಚ್ಚುಕಮ್ಮಿ ಎಂಟನೇ ತಲೆಮಾರಿನಿಂದ ಈಚಿನವೇ ಇರುವುದು. ಆ ತಪಾಸಣೆಯನ್ನು ಬೈಪಾಸ್ ಮಾಡಿ ಹಾಕಬಹುದು, ಅದು ನಿಮಗೆಲ್ಲ ಗೊತ್ತಿದೆ. ಆದರೂ ಹತ್ತಕ್ಕೆ ಹನ್ನೊಂದರ ಬಣ್ಣ ಬಳಿದು ಮಾರುವವರೂ ಇದ್ದಾರಲ್ವಾ? ಥೀಮ್ ಬದಲಿಸಿ, ಟಾಸ್ಕ್‌ಬಾರ್ ನಡುವಿಗೆ ತಳ್ಳಿದರೆ ನೋಡುವವರಿಗೆ ಹನ್ನೊಂದೇ. ಹಾಗಾಗಿ ಶುರುವಿನಿಂದಲೂ ಒಂದು ಗುಮಾನಿ ಇತ್ತು.

ನನ್ನ ಹತ್ತಿರ ಬರುವ ಯಂತ್ರಗಳನ್ನೆಲ್ಲ ದಾಖಲು ಮಾಡಿಕೊಳ್ಳೋಕೆ ಒಂದು ಪುಕ್ಕಟೆ ಟೂಲ್ ಬಳಸುತ್ತೇನೆ. ಅದನ್ನು ಓಡಿಸಿದರೆ 'ವಿಂಡೋಸ್ 10 ಪ್ರೊ, 22ಎಚ್2' ಅಂದಿತು (22ಎಚ್2 ಅಂದರೆ 2022ರ ಎರಡನೇ ಅರ್ಧದ ಆವೃತ್ತಿ). ಆಹಾ, ಸಿಕ್ಕಿಬಿದ್ದ ಅಂದುಕೊಂಡೆ. ವಿಂಡೋಸ್ ತನ್ನ ಆವೃತ್ತಿ ತೋರಿಸುವ ವಿನ್‌ವರ್ ತೆರೆದರೆ ವಿಂಡೋಸ್ 11, ಅದೂ 22ಎಚ್2. ಕಮಾಂಡ್ ಪ್ರಾಂಪ್ಟ್‌ನಲ್ಲಿ 'ವರ್' ಹೊಡೆದರೆ 10.0 ಅಂತ ಶುರುವಾಗುತ್ತದೆ. ಬ್ರೌಸರ್ ವೆಬ್‌ಸೈಟುಗಳಿಗೆ ತನ್ನ ಪರಿಚಯ ಹೇಳುವ ಯೂಸರ್ ಏಜೆಂಟ್ ಸಾಲಿನಲ್ಲಿ ವಿಂಡೋಸ್ ಎನ್‌ಟಿ 10.0. ಬೂಟ್ ಮೆನು ಕೂಡ ವಿಂಡೋಸ್ 10. ಇದೆಲ್ಲ ಸಾಲದು ಅಂತ ಹಳೇ ಸ್ಕ್ಯಾನರ್‌ನ ಇನ್‌ಸ್ಟಾಲರ್ 'ನಿಮ್ಮದು ವಿಂಡೋಸ್ 8, ಇದಕ್ಕೆ ಸಪೋರ್ಟ್ ಇಲ್ಲ' ಅಂತ ಬಾಗಿಲು ಹಾಕಿಕೊಂಡಿತು. ಎಂಟು ಎಲ್ಲಿಂದ ಬಂತಪ್ಪಾ!

ಟೂಲ್ ಎಲ್ಲಿಂದ ಓದುತ್ತದೆ ಅಂತ ಹುಡುಕಿದೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ವಿಂಡೋಸ್ ಎನ್‌ಟಿ ಅಡಿಯ 'ಕರೆಂಟ್‌ವರ್ಷನ್' ಕೀಲಿ. ರಿಜಿಸ್ಟ್ರಿ ನೋಡುವ ರೆಜ್‌ಎಡಿಟ್‌ನಲ್ಲಿ ಅದನ್ನು ತೆರೆದು ಕೂತರೆ ಒಳ್ಳೇ ಮನರಂಜನೆ. 'ಪ್ರಾಡಕ್ಟ್‌ನೇಮ್' ಅಂದರೆ ವಿಂಡೋಸ್ 10 ಪ್ರೊ. 'ಕರೆಂಟ್‌ವರ್ಷನ್' ಹೆಸರಿನದೇ ಇನ್ನೊಂದು ವ್ಯಾಲ್ಯೂ ಇದೆ, ಅದರಲ್ಲಿ 6.3, ಅದು ವಿಂಡೋಸ್ 8.1ರ ನಂಬರ್. ಮೇಜರ್ ವರ್ಷನ್ 10. 'ಡಿಸ್‌ಪ್ಲೇವರ್ಷನ್' 22ಎಚ್2. ಎಲ್ಲ ಒಂದೇ ಕಿಟಕಿಯಲ್ಲಿ, ಒಂದರ ಕೆಳಗೊಂದು. ಹನ್ನೊಂದು ಅನ್ನುವ ಅಂಕಿ ಮಾತ್ರ ಎಲ್ಲೂ ಇಲ್ಲ.

ದಾರಿ ತಪ್ಪಿಸುವುದರಲ್ಲಿ 22ಎಚ್2 ಎಲ್ಲರಿಗಿಂತ ಮುಂದು. 23ಎಚ್2 ಅಂತ ಇದ್ದಿದ್ದರೆ ಅಲ್ಲೇ ಕಥೆ ಮುಗಿಯುತ್ತಿತ್ತು, ಯಾಕೆಂದರೆ ವಿಂಡೋಸ್ 10ಕ್ಕೆ 23ಎಚ್2 ಬರಲೇ ಇಲ್ಲ. 22ಎಚ್2 ಹಾಗಲ್ಲ, ಎರಡಕ್ಕೂ ಇದೆ. ಹನ್ನೊಂದಕ್ಕೆ 2022ರ ಸೆಪ್ಟೆಂಬರ್‌ನಲ್ಲಿ ಬಂತು, ಹತ್ತಕ್ಕೆ ಅಕ್ಟೋಬರ್‌ನಲ್ಲಿ. 'ವಿಂಡೋಸ್ 10 ಪ್ರೊ, 22ಎಚ್2' ಅನ್ನುವುದು ಪೂರ್ತಿ ನಂಬುವಂಥ ಸಾಲು. ಲಕ್ಷಾಂತರ ಯಂತ್ರಗಳಲ್ಲಿ ಅದು ನಿಜವೂ ಹೌದು.

ಅಪ್‌ಗ್ರೇಡ್ ಮಾಡಿದಾಗ ಹಳೇ ಹೆಸರು ಉಳಿದುಕೊಂಡಿರಬೇಕು ಅನ್ನುವುದು ಸುಲಭದ ಉತ್ತರ. ಪರೀಕ್ಷೆ ಮಾಡದೆ ಒಪ್ಪೋಕೆ ಮನಸ್ಸಾಗಲಿಲ್ಲ. ಪಕ್ಕದಲ್ಲಿ ಬಿದ್ದಿದ್ದ ಒಂದು ಸಣ್ಣ ಎಸ್‌ಎಸ್‌ಡಿ ತಗೊಂಡೆ, ಪಾರ್ಟಿಷನ್ ಎಲ್ಲ ಒರೆಸಿ, ವಿಂಡೋಸ್ 11 ಕ್ಲೀನ್ ಇನ್‌ಸ್ಟಾಲ್ ಮಾಡಿದೆ. ಅದರಲ್ಲಿ ಹತ್ತರ ಗಾಳಿಯೂ ಸೋಕಿಲ್ಲ. ರೆಜ್‌ಎಡಿಟ್ ತೆರೆದೆ. ಪ್ರಾಡಕ್ಟ್‌ನೇಮ್: ವಿಂಡೋಸ್ 10 ಪ್ರೊ.

ಗಂಟು ಬಿಚ್ಚಿದ್ದು ಇಲ್ಲಿ. ಇದು ಉಳಿಕೆ ಅಲ್ಲ. ಹನ್ನೊಂದರಲ್ಲಿ ಆ ವ್ಯಾಲ್ಯೂ ಇರುವುದೇ ಹಾಗೆ. ಆದರೆ ಬೂಟ್ ಮೆನುವಿನ ಹೆಸರು ನಿಜವಾದ ಉಳಿಕೆ, ಯಾಕೆಂದರೆ ಕ್ಲೀನ್ ಇನ್‌ಸ್ಟಾಲ್‌ನಲ್ಲಿ ಅದು ಸರಿಯಾಗಿ ವಿಂಡೋಸ್ 11 ಅಂತಲೇ ಬಂತು. ಹಳೇ ಡ್ರೈವ್‌ನಲ್ಲಿ ಬೂಟ್ ಮೆನು ತಿದ್ದುವ ಬಿಸಿಡಿಎಡಿಟ್ ಕಮಾಂಡ್‌ನಿಂದ ಡಿಸ್ಕ್ರಿಪ್ಷನ್ ತಿದ್ದಿದೆ, ಅದು ಸರಿಹೋಯಿತು. ಎರಡು ಕಡೆ ಒಂದೇ ತಪ್ಪು ಹೆಸರು, ಕಾರಣ ಮಾತ್ರ ಬೇರೆ ಬೇರೆ. ಎರಡನ್ನೂ ಒಂದೇ ರೋಗ ಅಂದುಕೊಂಡು ಹುಡುಕಿದ್ದಕ್ಕೇ ಇಷ್ಟು ಕಾಲ ಹಿಡಿದಿದ್ದು.

ಹಾಗಾದರೆ ಯಾವುದನ್ನು ನಂಬಬೇಕು? ಬಿಲ್ಡ್ ನಂಬರ್, ಅಂದರೆ ವಿಂಡೋಸ್‌ನ ಪ್ರತಿ ಆವೃತ್ತಿಗೂ ಇರುವ ಕ್ರಮಸಂಖ್ಯೆ. ಅದೇ ಕೀಲಿಯಲ್ಲಿ 'ಕರೆಂಟ್‌ಬಿಲ್ಡ್' ಅಂತ ಇದೆ. ನನ್ನದರಲ್ಲಿ 22621. ಗ್ರಾಹಕರಿಗೆ ಬಂದ ವಿಂಡೋಸ್ 10 ಶುರುವಾಗಿದ್ದು 10240ರಲ್ಲಿ, ಮುಗಿದಿದ್ದು 19045ರಲ್ಲಿ. ವಿಂಡೋಸ್ 11ರ ಲೆಕ್ಕ 22000ದಿಂದ. ಬೂಟ್ ಆಗದ ಡ್ರೈವ್ ಆದರೆ ಲಿನಕ್ಸ್ ಲೈವ್ ಯುಎಸ್‌ಬಿಯಿಂದ ಸಾಫ್ಟ್‌ವೇರ್ ಹೈವ್ (ರಿಜಿಸ್ಟ್ರಿಯ ಒಂದು ಫೈಲು) ತೆರೆದು ಇದೇ ಅಂಕಿ ನೋಡಿ. ಟೂಲ್‌ನಲ್ಲಿ ಒಂದು ಸಾಲು ಸೇರಿಸಿದೆ: ಬಿಲ್ಡ್ 22000 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಹೆಸರಿನಲ್ಲಿರುವ 10ನ್ನು 11 ಮಾಡು. ಸರ್ವರ್ ಆವೃತ್ತಿಗಳಿಗೆ ಇದು ಹೊಂದುವುದಿಲ್ಲ, ನನ್ನ ಮೇಜಿಗೆ ಅವು ಬರುವುದೂ ಇಲ್ಲ. ರಿಜಿಸ್ಟ್ರಿಯಲ್ಲೇ ಹೆಸರು ತಿದ್ದಿ ಅಂತ ಸಲಹೆ ಕೊಡುವವರಿದ್ದಾರೆ. ಸುಮ್ನೆ ಬಿಡಿ, ಯಾವ ಪ್ರೋಗ್ರಾಂ ಅದನ್ನು ನಂಬಿ ಕೂತಿದೆಯೋ ಯಾರಿಗೆ ಗೊತ್ತು.

ಇನ್ನು ಆ ಎಂಟರ ಕಥೆ. ಹಳೇ ಪ್ರೋಗ್ರಾಂಗಳು 'ಗೆಟ್‌ವರ್ಷನ್‌ಎಕ್ಸ್' ಅನ್ನುವ ಫಂಕ್ಷನ್ ಕರೆದು ವರ್ಷನ್ ಕೇಳುತ್ತವೆ. ವಿಂಡೋಸ್ 8.1ರಿಂದ ಈಚೆಗೆ, ಹೊಸ ಆವೃತ್ತಿಗಳು ಗೊತ್ತು ಅಂತ ತನ್ನ ಪರಿಚಯ ಪತ್ರದಂಥ ಮ್ಯಾನಿಫೆಸ್ಟ್‌ನಲ್ಲಿ ಹೇಳಿಕೊಳ್ಳದ ಪ್ರೋಗ್ರಾಂಗೆ 6.2 ಅಂತಲೇ ಉತ್ತರ ಸಿಗುತ್ತದೆ. 6.2 ಅಂದರೆ ವಿಂಡೋಸ್ 8. ಹಳಬರು ಗಾಬರಿಯಾಗದಿರಲಿ ಅಂತ ಹೇಳುವ ಸುಳ್ಳು ಇದು. ನನ್ನ ಸ್ಕ್ಯಾನರ್ ಆ ಸುಳ್ಳಿಗೇ ಗಾಬರಿಯಾಯಿತು. ಇನ್‌ಸ್ಟಾಲರ್‌ಗೆ ವಿಂಡೋಸ್ 7 ಕಂಪ್ಯಾಟಿಬಿಲಿಟಿ ಕೊಟ್ಟೆ, ತೆಪ್ಪಗೆ ಒಳಗೆ ಬಂತು. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು.

ಅಂದಹಾಗೆ ಮಾರಿದವನ ಮೇಲೆ ನನಗಿದ್ದ ಗುಮಾನಿ ಅರ್ಧ ಸುಳ್ಳಾಯಿತು, ಅರ್ಧ ನಿಜವಾಯಿತು. ಹನ್ನೊಂದು ಅಂದಿದ್ದು ನಿಜ. 'ಹೊಸದಾಗಿ ಇನ್‌ಸ್ಟಾಲ್' ಅಂದಿದ್ದು ಬುರುಡೆ. ರಿಜಿಸ್ಟ್ರಿಯ ಸಿಸ್ಟಮ್ ಹೈವ್‌ನಲ್ಲಿ 'ಸೆಟಪ್' ಅಡಿಗೆ ಹೋಗಿ ನೋಡಿ. ಅಪ್‌ಗ್ರೇಡ್ ಆದ ಯಂತ್ರದಲ್ಲಿ 'ಸೋರ್ಸ್ ಓಎಸ್' ಅಂತ ತಾರೀಖಿನ ಸಮೇತ ಉಪಕೀಲಿಗಳು ಸಿಗುತ್ತವೆ. ಪ್ರತಿಯೊಂದರಲ್ಲೂ ಹಳೇ ವಿಂಡೋಸ್‌ನ ಹೆಸರು, ಬಿಲ್ಡ್, ಇನ್‌ಸ್ಟಾಲ್ ಆದ ದಿನ. ದಿನ ಮಾತ್ರ 1970ರಿಂದ ಎಣಿಸಿದ ಸೆಕೆಂಡುಗಳಲ್ಲಿ ಇರುತ್ತದೆ, ಪವರ್‌ಶೆಲ್‌ಗೆ ಕೊಟ್ಟು ಬಿಡಿಸಿಕೊಳ್ಳಿ. ನನ್ನದರಲ್ಲಿ ಮೊದಲು 7601, ಅಂದರೆ ವಿಂಡೋಸ್ 7 ಸರ್ವಿಸ್ ಪ್ಯಾಕ್ 1. ಆಮೇಲೆ ಹತ್ತರ ಬಿಲ್ಡ್‌ಗಳ ಸಾಲು. ಏಳರ ಮೇಲೆ ಹತ್ತು, ಹತ್ತರ ಮೇಲೆ ಹನ್ನೊಂದು, ಒಮ್ಮೆಯೂ ಫಾರ್ಮ್ಯಾಟ್ ಕಂಡಿಲ್ಲ. ಯಾರದೋ ಹಳೇ ಪ್ರಿಂಟರ್‌ನ ಡ್ರೈವರ್ ಕೂಡ ಭದ್ರವಾಗಿ ಕೂತಿದೆ.

ತಮಾಷೆ ಏನೆಂದರೆ, ಹತ್ತೋ ಹನ್ನೊಂದೋ ಅಂತ ಇಷ್ಟು ಜಗಳವಾಡಿದ ಮೇಲೆ ಎರಡರಿಂದಲೂ ಲಾಭವಿಲ್ಲ. ವಿಂಡೋಸ್ 11 ಪ್ರೊ 22ಎಚ್2ಗೆ ಸಪೋರ್ಟ್ ನಿಂತಿದ್ದು 2024ರ ಅಕ್ಟೋಬರ್ 8ಕ್ಕೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14. ಹತ್ತೇ ಆಗಿದ್ದರೆ ಒಂದು ವರ್ಷ ಜಾಸ್ತಿ ಸಿಗುತ್ತಿತ್ತು! ವಿಂಡೋಸ್ 11ರ ಆಮೇಲಿನ ಆವೃತ್ತಿ 24ಎಚ್2ಗೆ ಪ್ರೊಸೆಸರ್‌ನಲ್ಲಿ ಎಸ್‌ಎಸ್‌ಇ4.2 ಮತ್ತು ಪಾಪ್‌ಕೌಂಟ್ ಅನ್ನುವ ಸೂಚನೆಗಳು ಇರಲೇಬೇಕು. ನಾಲ್ಕನೇ ತಲೆಮಾರಿನಲ್ಲಿ ಎರಡೂ ಇವೆ. ಹಾಗಾಗಿ ಹಳೇ ಡ್ರೈವ್ ಬಿಚ್ಚಿಟ್ಟು, ಸಣ್ಣ ಎಸ್‌ಎಸ್‌ಡಿಯಲ್ಲಿ 24ಎಚ್2 ಕೂರಿಸುತ್ತೇನೆ. ರ‍್ಯಾಮ್ ಬಂದ ಮೇಲೆ. ಬಂದರೆ.

ಅಷ್ಟರಲ್ಲಿ ಕೈ ಸುಮ್ಮನಿರಬೇಕಲ್ಲ. ಮದರ್‌ಬೋರ್ಡ್ ಸತ್ತ ಇನ್ನೊಂದು ಲ್ಯಾಪ್‌ಟಾಪ್ ಬಿದ್ದಿದೆ, ಅದರ ಪ್ಯಾನೆಲ್ ಬಿಚ್ಚಿ ಎರಡನೇ ಮಾನಿಟರ್ ಮಾಡುವ ಯೋಚನೆ. ಹಿಂದಿನ ಮಾಡೆಲ್ ನಂಬರ್ ಬರೆದುಕೊಂಡಿದ್ದೇನೆ, 30 ಪಿನ್ನಿನ ಇಡಿಪಿ ಕನೆಕ್ಟರ್‌ನದು. ಕಂಟ್ರೋಲರ್ ಬೋರ್ಡ್ ಮಾರುವವರನ್ನು ವಿಚಾರಿಸಿದರೆ 'ಎಲ್ಲ ಪ್ಯಾನೆಲ್‌ಗೂ ಆಗುತ್ತೆ' ಅಂತಾರೆ. ಎಲ್‌ವಿಡಿಎಸ್ ಅನ್ನುವ ಬೇರೆ ಬಗೆಯ ಸಿಗ್ನಲ್‌ನ ಬೋರ್ಡ್ ಇಡಿಪಿ ಪ್ಯಾನೆಲ್‌ಗೆ ಹೇಗೆ ಆಗುತ್ತೆ ಸ್ವಾಮಿ? ಬೋರ್ಡಿನ ಎರಡೂ ಬದಿಯ ಫೋಟೋ ಕಳಿಸಿ ಅಂದಿದ್ದೇನೆ, ಯಾವ ಸ್ಟಿಕ್ಕರ್ರೂ ಅಂಟಿಸದೆ.