ಗವಿಯೊಳಗೆ ಟೇಪು ಹಿಡಿದು

ಗವಿ ಇರುವ ಊರಲ್ಲೆಲ್ಲ ಒಂದು ಕಥೆ ಇದ್ದೇ ಇರುತ್ತೆ. ಒಳಗೆ ನಡೆದರೆ ಕಾಶಿಗೆ ಹೋಗುತ್ತಂತೆ, ಒಳಗೆ ಬಿಟ್ಟ ಆಡು ವಾಪಸ್ ಬರಲೇ ಇಲ್ಲವಂತೆ. ಆ ಕತ್ತಲು ನಿಜಕ್ಕೂ ಎಷ್ಟು ದೂರ ಹೋಗುತ್ತೆ ಅಂತ ತಿಳಿಯೋಕೆ ಟಾರ್ಚು, ಧೈರ್ಯ ಎರಡೂ ಸಾಲವು. ಟೇಪು, ದಿಕ್ಸೂಚಿ, ಪೆನ್ಸಿಲ್ ಬೇಕು. ಮೇಘಾಲಯದ ಜೈಂತಿಯಾ ಬೆಟ್ಟಗಳ ಕ್ರೆಮ್ ಲಿಯಾಟ್ ಪ್ರಾ 30 ಕಿ.ಮೀ.ಗೂ ಹೆಚ್ಚು ಉದ್ದ ಅಂತ ಗೊತ್ತಾದದ್ದು ತುಂಡು ತುಂಡಾಗಿ ಅಳೆದು ಕೂಡಿಸಿದ್ದರಿಂದಲೇ. ಅಳೆಯದೆ ಸುತ್ತಿ ಬಂದವರ ಬಳಿ ಉಳಿಯೋದು ಇನ್ನೊಂದು ಕಥೆ, ಅಷ್ಟೆ.

ಕೆಲಸಕ್ಕೆ ಮೂವರು ಸಾಕು. ಮುಂದಿನವರು ಗೋಡೆಯ ಮೇಲೆ ಒಂದು ಬಿಂದು ಆರಿಸಿ ಟೇಪಿನ ತುದಿ ಹಿಡಿಯುತ್ತಾರೆ, ಹಿಂದಿನವರು ದಿಕ್ಸೂಚಿ ಮತ್ತು ಇಳಿಜಾರು ತೋರಿಸೋ ಉಪಕರಣ ಓದುತ್ತಾರೆ, ಮೂರನೆಯವರು ಬರೆಯುತ್ತಾರೆ. ಬೇಕಾದದ್ದು ಮೂರೇ ಅಂಕಿ: ದೂರ 11.42 ಮೀಟರ್, ದಿಕ್ಕು 214°, ಇಳಿಜಾರು –8°. ಲೆಕ್ಕ ಹಾಕಿದರೆ ಅಡ್ಡಕ್ಕೆ 11.31 ಮೀಟರ್ ಹೋಗಿ 1.59 ಮೀಟರ್ ಕೆಳಗಿಳಿದಿದ್ದೇವೆ. ಈಗ ಮುಂದಿನ ಬಿಂದುವಿನಿಂದ ಹಿಂತಿರುಗಿ ಓದಬೇಕು. ನೇರ ಎದುರು ದಿಕ್ಕಾದ 34°, +8° ಬಂದರೆ ಸರಿ. ಎರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಓದಿ. ಬಹಳ ಸಲ ತಪ್ಪು ಕಣ್ಣಿನದಲ್ಲ, ಹೆಲ್ಮೆಟ್ಟಿನ ದೀಪದ್ದು: ಅದರ ಬ್ಯಾಟರಿ, ಕನ್ನಡಕದ ಉಕ್ಕಿನ ಫ್ರೇಮು ಮುಳ್ಳನ್ನು ಎಳೆಯುತ್ತವೆ. ಒಂದೇ ಡಿಗ್ರಿ ತಪ್ಪಿದರೂ 100 ಮೀಟರಿಗೆ 1.75 ಮೀಟರ್ ಪಕ್ಕಕ್ಕೆ ಸರಿದಿರುತ್ತೀರಿ.

ಗವಿಯ ಗೋಡೆಗಳ ನಕ್ಷೆಯನ್ನು ಅಲ್ಲೇ, ಅಳತೆಗೆ ಸರಿಯಾಗಿ ಬರೆಯಬೇಕು. 1:200 ಅಂದರೆ ಒಂದು ಸೆಂಟಿಮೀಟರಿಗೆ ಎರಡು ಮೀಟರ್. ಮನೆಗೆ ಬಂದು ನೆನಪಿನಿಂದ ಎಳೆದ ಗೋಡೆಯನ್ನು ನಂಬಬೇಡಿ. ಪೆನ್ನೂ ಬೇಡ, ತೇವಕ್ಕೆ ಶಾಯಿ ಹರಡುತ್ತೆ.

ಇನ್ನು ಜೀವದ ವಿಷಯ. ತಲಾ ಮೂರು ದೀಪ. ಅಳೆಯೋಕೆ ಮೂವರಾದರೂ ಒಳಗೆ ಹೋಗೋಕೆ ಕನಿಷ್ಠ ನಾಲ್ವರು: ಒಬ್ಬರಿಗೆ ಪೆಟ್ಟಾದರೆ ಜೊತೆಗೆ ಒಬ್ಬರು ಕೂರಬೇಕು, ಇಬ್ಬರು ಹೊರಗೆ ಹೋಗಬೇಕು. ಎಷ್ಟು ಗಂಟೆಗೆ ಬರದಿದ್ದರೆ ಹುಡುಕಬೇಕು ಅಂತ ಹೊರಗಿನ ಒಬ್ಬರಿಗೆ ಹೇಳಿರಬೇಕು. ಮಳೆಗಾಲದಲ್ಲಿ ಸುಣ್ಣಕಲ್ಲಿನ ಗವಿ ಕಾಲುವೆಯೇ ಆಗಿಬಿಡುತ್ತೆ, ಆಗ ಇಳಿಯಲೇಬಾರದು. ತಗ್ಗಿನಲ್ಲಿ ಇಂಗಾಲದ ಡೈ ಆಕ್ಸೈಡ್ ನಿಂತಿರಬಹುದು. ಉಸಿರು ಜೋರಾಗಿ ತಲೆ ನೋಯತೊಡಗಿದರೆ ತಕ್ಷಣ ಹಿಂದಿರುಗಿ. ಲೈಟರ್ ಹಚ್ಚಿ ನೋಡೋ ಪರೀಕ್ಷೆ ನೆಚ್ಚಬೇಡಿ. ಜ್ವಾಲೆ ಹೇಳೋದು ಆಮ್ಲಜನಕದ ಕಥೆ, ಇಂಗಾಲದ ಡೈ ಆಕ್ಸೈಡಿನದಲ್ಲ.

ಬಾವಲಿಗಳಿದ್ದರೆ ದೂರವಿರಿ. ಬೆಳಗಾವಿ ಜಿಲ್ಲೆಯ ಖಾನಾಪುರ ಕಾಡಿನ ಬಾರಾಪೇಡೆ ಗುಹೆಯ ರಾಟನ್ ಬಾವಲಿ ಜಗತ್ತಿನಲ್ಲಿ ಬೆರಳೆಣಿಕೆಯ ಜಾಗಗಳಲ್ಲಷ್ಟೇ ಇದೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಂಥಲ್ಲಿಗೆ ಕಾಲಿಡಬಾರದು.

ದಾರಿ ಮುಂದುವರಿದಿದ್ದೂ ಮೈ ಹಿಡಿಸದಿದ್ದರೆ ನುಗ್ಗಬೇಡಿ. ನಕ್ಷೆಯ ಆ ತುದಿಗೊಂದು ಪ್ರಶ್ನೆ ಚಿಹ್ನೆ ಹಾಕಿ, ಪಕ್ಕದಲ್ಲಿ ಬರೆಯಿರಿ: ಎತ್ತರ 22 ಸೆಂ.ಮೀ., ಒಳಗಿನಿಂದ ಗಾಳಿ ಬರ್ತಿದೆ.